ಗುಣವಾದ ಮೇಲೆ ಎಷ್ಟು ಕಾಲ?

ಸ್ವಿಟ್ಜರ್ಲೆಂಡಿನ ಕಾನ್‌ಸ್ಟನ್ಸ್ ಸರೋವರದ ದಂಡೆಯಲ್ಲಿರುವ ಮ್ಯೂನ್‌ಸ್ಟರ್‌ಲಿಂಗೆನ್ ಮನೋರೋಗಾಲಯದಲ್ಲಿ ರೋಲಾಂಡ್ ಕೂನ್ ಎಂಬ ವೈದ್ಯರು, ಸ್ಕಿಜೋಫ್ರೀನಿಯಾಕ್ಕೆಂದು ಗೈಗಿ ಕಂಪನಿಯಿಂದ ಬಂದು ಆ ರೋಗಕ್ಕೆ ನಾಟದೆ ಹೋದ ಜಿ 22355 ಎಂಬ ಔಷಧವನ್ನು, 1956ರ ಜನವರಿಯಲ್ಲಿ, ಖಿನ್ನತೆಯಿಂದ ಬಳಲುತ್ತಿದ್ದ ಮಹಿಳೆಯೊಬ್ಬರಿಗೆ ಕೊಟ್ಟು ನೋಡಿದರು. ವಾರ ತುಂಬುವುದರೊಳಗೆ ಆಕೆಯ ಚರ್ಯೆಯೇ ಬದಲಾಯಿತು. ಮುಂದೆ ಇಮಿಪ್ರಮಿನ್ ಎಂದು ಪ್ರಸಿದ್ಧವಾದುದು ಇದೇ. ರೋಗಿಯ ದುಃಖವನ್ನು ಅಂಕಗಳಲ್ಲಿ ಅಳೆಯುವ ಪದ್ಧತಿ ಇನ್ನೂ ಬೇರೂರಿರದ ಆ ದಿನಗಳಲ್ಲಿ ಕೂನ್ ಬರೆದಿಟ್ಟ ಗುರುತುಗಳನ್ನು ಓದಿದರೆ ಇಂದಿಗೂ ಮನಸ್ಸು ಆರ್ದ್ರವಾಗುತ್ತದೆ: ಬೆಳಿಗ್ಗೆ ಯಾರೂ ಎಬ್ಬಿಸದೆ ತಾವಾಗಿಯೇ ಏಳುವುದು, ಉಡುಗಿದ್ದ ದನಿ ಏರುವುದು, ಮುಖದಲ್ಲಿ ಕಳೆ ಮೂಡುವುದು, ಆಟಕ್ಕೆ ಕೂಡುವುದು, ನಗುವುದು. 1957ರ ಸೆಪ್ಟೆಂಬರಿನಲ್ಲಿ ಜ್ಯೂರಿಚ್ ಸಮ್ಮೇಳನದಲ್ಲಿ ಅವರು ಇದನ್ನು ನಿವೇದಿಸಿದಾಗ ಸಭೆಯಲ್ಲಿದ್ದವರು ಹೆಚ್ಚೆಂದರೆ ಹನ್ನೆರಡು ಮಂದಿ.

ಅದೇ ಆಸ್ಪತ್ರೆಯಲ್ಲಿ ಅನೇಕ ರೋಗಿಗಳಿಗೆ ತಿಳಿಸದೆಯೇ ಹೊಸ ದ್ರವ್ಯಗಳನ್ನು ಪ್ರಯೋಗಿಸಲಾಗಿತ್ತೆಂಬುದನ್ನು 2019ರಲ್ಲಿ ಇತಿಹಾಸಕಾರರು ಬಹಿರಂಗಪಡಿಸಿದರು. ಕೂನ್‌ರ ಸೂಕ್ಷ್ಮದೃಷ್ಟಿಯನ್ನು ಕೊಂಡಾಡುವವರು ಈ ಅನ್ಯಾಯವನ್ನು ಮರೆಮಾಚಬಾರದು. ಆದರೆ ಔಷಧವು ಲಕ್ಷಣಗಳನ್ನು ಶಮನಗೊಳಿಸುತ್ತದೆಯೇ ಹೊರತು ರೋಗದ ಬುಡವನ್ನು ಕೀಳುವುದಿಲ್ಲ, ಅವಧಿಗೆ ಮುನ್ನ ನಿಲ್ಲಿಸಿದರೆ ವ್ಯಾಧಿಯು ಮರುಕಳಿಸೀತು ಎಂಬುದನ್ನು ಕೂನ್ ಅಂದೇ ಗ್ರಹಿಸಿದ್ದರು. ಹಾಗಾದರೆ ಅವಧಿಯೆಷ್ಟು? ಹೊಸ ಹೊಸ ಮಾತ್ರೆಗಳು ಬಂದವು, 1987ರಲ್ಲಿ ಅಮೆರಿಕ ಫ್ಲೂಆಕ್ಸೆಟಿನ್‌ಗೆ ಅನುಮತಿಯಿತ್ತಿತು. ವರ್ಷಾನುಗಟ್ಟಲೆ ಬಾಧಿಸುವ ರೋಗದ ಮದ್ದನ್ನು ಆರೆಂಟು ವಾರಗಳಲ್ಲಿ ಪರೀಕ್ಷಿಸಿ ಮುಗಿಸುವ ರೂಢಿ ಮಾತ್ರ ಉಳಿಯಿತು. ಇದು ನನಗೆ ಸಹಿಸಲಾಗದ ಸಂಗತಿ.

ಈ ರೂಢಿಯನ್ನು ಮೀರಿದವರಲ್ಲಿ ಪಿಟ್ಸ್‌ಬರ್ಗಿನ ಎಲೆನ್ ಫ್ರಾಂಕ್ ಮತ್ತು ಡೇವಿಡ್ ಕುಪ್ಫರ್ ಸ್ಮರಣೀಯರು. ಪದೇ ಪದೇ ಖಿನ್ನತೆಗೆ ತುತ್ತಾಗಿದ್ದ 128 ಮಂದಿಯನ್ನು ಮೂರು ವರ್ಷ ಅನುಸರಿಸಿ, ಚೇತರಿಕೆಗೆ ಬೇಕಾದ ಪೂರ್ಣ ಪ್ರಮಾಣದಲ್ಲಿಯೇ ಇಮಿಪ್ರಮಿನ್ ಮುಂದುವರಿಸಿದವರು ಹುಸಿಗುಳಿಗೆ ಪಡೆದವರಿಗಿಂತ ಬಹಳ ಹೆಚ್ಚು ಕಾಲ ಸ್ವಸ್ಥರಾಗಿದ್ದರೆಂದು 1990ರಲ್ಲಿ ಅವರು ತೋರಿಸಿದರು. ಇನ್ನೆರಡು ವರ್ಷ ಮುಂದುವರಿದ ಪರೀಕ್ಷೆಯಲ್ಲಿ ಉಳಿದವರು ಕೇವಲ 20 ಮಂದಿ.

2021ರಲ್ಲಿ ಬ್ರಿಟನ್ನಿನಿಂದ ಬಂದ ವರದಿಯನ್ನು ಮಾತ್ರೆ ಮುಂದುವರಿಸಬೇಕೆನ್ನುವವರೂ ನಿಲ್ಲಿಸಬೇಕೆನ್ನುವವರೂ ತಮತಮಗೆ ಬೇಕಾದಂತೆ ಎತ್ತಿಕೊಂಡಿದ್ದಾರೆ. ದೀರ್ಘಕಾಲದಿಂದ ಮಾತ್ರೆ ಸೇವಿಸುತ್ತ ನೆಮ್ಮದಿಯಾಗಿದ್ದ 478 ಮಂದಿಯಲ್ಲಿ, ಕ್ರಮೇಣ ನಿಲ್ಲಿಸಿದವರ ಪೈಕಿ ಶೇಕಡ 56ರಷ್ಟು, ಮುಂದುವರಿಸಿದವರ ಪೈಕಿ ಶೇಕಡ 39ರಷ್ಟು ಜನರಿಗೆ ವರ್ಷದೊಳಗೆ ಖಿನ್ನತೆ ಮರಳಿತು. ಮಾತ್ರೆಯು ಕಾಯುತ್ತದೆ, ಎಲ್ಲರನ್ನೂ ಕಾಯಲಾರದು. ಬಿಟ್ಟವರಲ್ಲಿಯೂ ಹತ್ತಕ್ಕೆ ನಾಲ್ವರು ವರ್ಷಪೂರ್ತಿ ಸುಖವಾಗಿದ್ದರು. ಯಾರು ಯಾವ ಗುಂಪಿಗೆ ಸೇರುವರೆಂದು ಮುಂಚಿತವಾಗಿ ಹೇಳುವ ಉಪಾಯ ವೈದ್ಯನ ಕೈಗೆ ಇನ್ನೂ ಸಿಕ್ಕಿಲ್ಲ. ಆದ್ದರಿಂದ ನಿಲ್ಲಿಸಬಯಸುವವರು ತಾವಾಗಿಯೇ ಥಟ್ಟನೆ ಬಿಡದೆ, ವೈದ್ಯರ ಕಣ್ಗಾವಲಿನಲ್ಲಿ ಮೆಲ್ಲಮೆಲ್ಲನೆ ತಗ್ಗಿಸಬೇಕಾಗುತ್ತದೆ.