ಶಾಲಾ ಗ್ರಂಥಾಲಯ ಮತ್ತು ನಮ್ಮ ಮಕ್ಕಳ ಕನ್ನಡ ಓದು

ದೆಹಲಿಯ ಅನೇಕ ಕನ್ನಡ ಮನೆಗಳಲ್ಲಿ ಇಂದು ಒಂದು ವಿಚಿತ್ರ ಪರಿಸ್ಥಿತಿ ಕಂಡುಬರುತ್ತದೆ. ಮಗು ಮನೆಯಲ್ಲಿ ಕನ್ನಡವನ್ನೇ ಆಡುತ್ತದೆ; ಅಜ್ಜಿ ದೂರವಾಣಿಯಲ್ಲಿ ಹೇಳುವ ಕಥೆಯನ್ನು ಕುತೂಹಲದಿಂದ ಕೇಳುತ್ತದೆ. ಅದೇ ಕಥೆಯನ್ನು ಅಚ್ಚಿನಲ್ಲಿ ಮುಂದಿಟ್ಟರೆ ಮುಖ ತಿರುಗಿಸುತ್ತದೆ. ಹಿಂದಿ, ಇಂಗ್ಲಿಷ್ ಪುಸ್ತಕಗಳನ್ನು ಸಲೀಸಾಗಿ ಓದುವ ಹತ್ತು ವರ್ಷದ ಬಾಲಕ, ರಜೆಯಲ್ಲಿ ಊರಿಗೆ ಹೋದಾಗ ಬಸ್ಸಿನ ಫಲಕದಲ್ಲಿ ಏನು ಬರೆದಿದೆಯೆಂದು ತಾಯಿಯನ್ನು ಕೇಳಬೇಕಾಗುತ್ತದೆ. ಕಿವಿಗೆ ಬಂದ ಭಾಷೆ ಕಣ್ಣಿಗೆ ಬಾರದೆ ಹೋದರೆ ಅದು ಮುಂದಿನ ತಲೆಮಾರಿಗೆ ದಾಟುವುದು ಕಷ್ಟ. ಇದಕ್ಕೆ ಪರಿಹಾರ ಬರಿಯ ಪಠ್ಯಪುಸ್ತಕದಿಂದ ದೊರೆಯದು. ಮಗು ತಾನಾಗಿ ಆರಿಸಿಕೊಂಡು ಓದಬಲ್ಲ ಪುಸ್ತಕಗಳು ಅದರ ಕೈಗೆ ಎಟಕುವಂತಿರಬೇಕು. ಶಾಲಾ ಗ್ರಂಥಾಲಯದ ಮಹತ್ವವಿರುವುದು ಇಲ್ಲಿಯೇ.

ಬೀಗ ಹಾಕಿದ ಬೀರು ಗ್ರಂಥಾಲಯವಲ್ಲ

ಭಾರತದ ಗ್ರಂಥಾಲಯ ಚಳವಳಿಯ ಪಿತಾಮಹರೆನಿಸಿದ ಡಾ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದರು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಅವರು ಮುಂದೆ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಸೇವೆ ಸಲ್ಲಿಸಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಪುಸ್ತಕವಿರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ಅವನಿಗೊಪ್ಪುವ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಅವರ ಮೊದಲ ಮೂರು ಸೂತ್ರಗಳ ತಾತ್ಪರ್ಯ. ನೋಡಲು ಸರಳವಾದ ಈ ಮಾತುಗಳಿಂದ ನಮ್ಮ ಶಾಲೆಗಳ ಗ್ರಂಥಾಲಯಗಳನ್ನು ಅಳೆದು ನೋಡಬೇಕು. ಪುಸ್ತಕ ಹರಿದೀತೆಂಬ ಭಯದಿಂದ ಬೀಗ ಹಾಕಿಟ್ಟ ಬೀರು ಮೊದಲನೆಯ ಸೂತ್ರಕ್ಕೇ ವಿರುದ್ಧವಾದುದು. ಮಕ್ಕಳ ಕೈಯಲ್ಲಿ ಸವೆದು ಹರಿದ ಪುಸ್ತಕ ತನ್ನ ಕೆಲಸವನ್ನು ಮಾಡಿದೆ. ಹತ್ತು ವರ್ಷ ಹೊಸದಾಗಿಯೇ ಉಳಿದ ಪುಸ್ತಕ ಮಾಡಿಲ್ಲ.

ಈ ತತ್ತ್ವವನ್ನು ಆಚರಣೆಗೆ ತಂದ ಉದಾಹರಣೆ ನಮ್ಮ ನಗರದಲ್ಲಿಯೇ ಇದೆ. ಯುನೆಸ್ಕೊ ನೆರವಿನಿಂದ ಸ್ಥಾಪಿತವಾಗಿ, 1951ರಲ್ಲಿ ಪಂಡಿತ ನೆಹರೂ ಅವರಿಂದ ಉದ್ಘಾಟನೆಗೊಂಡ ದೆಹಲಿ ಸಾರ್ವಜನಿಕ ಗ್ರಂಥಾಲಯವು ಓದುಗರು ತಾವೇ ಕಪಾಟಿನಿಂದ ಪುಸ್ತಕ ತೆಗೆದುಕೊಳ್ಳುವ ಪದ್ಧತಿಯನ್ನೂ ಮಕ್ಕಳಿಗಾಗಿ ಪ್ರತ್ಯೇಕ ವಿಭಾಗವನ್ನೂ ಏರ್ಪಡಿಸಿತು.

ದೇವನಾಗರಿಯಿಂದ ಕನ್ನಡಕ್ಕೆ

ಲೋದಿ ಎಸ್ಟೇಟಿನಲ್ಲಿ ಕನ್ನಡಿಗರು ಕಟ್ಟಿ ಬೆಳೆಸಿದ ಶಾಲೆಯೊಂದಿದೆ. ಆದರೆ ನೋಯಿಡಾ, ಗುರುಗ್ರಾಮ, ಗಾಜಿಯಾಬಾದುಗಳವರೆಗೆ ಚದರಿಹೋಗಿರುವ ನಮ್ಮ ಸಂಸಾರಗಳ ಬಹುಪಾಲು ಮಕ್ಕಳು ಬೇರೆ ಶಾಲೆಗಳಲ್ಲಿ ಕಲಿಯುತ್ತಾರೆ. ಅವರಿಗೆ ಕನ್ನಡದ ಓದು ಅಸಾಧ್ಯವೆಂದು ಪೋಷಕರು ಕೈಚೆಲ್ಲುವುದುಂಟು. ಇದು ತಪ್ಪು ಕಲ್ಪನೆ.

ಹಿಂದಿ ಓದಬಲ್ಲ ಮಗುವಿಗೆ ಕನ್ನಡದ ಅರ್ಧ ದಾರಿ ಆಗಲೇ ಸವೆದಿದೆ. ವರ್ಣಮಾಲೆಯ ಕ್ರಮ ಬಹುಮಟ್ಟಿಗೆ ಒಂದೇ. ವ್ಯಂಜನಕ್ಕೆ ಸ್ವರಚಿಹ್ನೆ ಸೇರಿಸುವ ತತ್ತ್ವವೂ ಒಂದೇ. ಹೊಸದಾಗಿ ಕಲಿಯಬೇಕಾದುದು ಅಕ್ಷರಗಳ ಆಕಾರವನ್ನು, ಮತ್ತು ಮುಖ್ಯವಾಗಿ ಮೂರು ವ್ಯತ್ಯಾಸಗಳನ್ನು. ಮೊದಲನೆಯದು, ಕನ್ನಡದಲ್ಲಿ ಎಕಾರ, ಒಕಾರಗಳಿಗೆ ಹ್ರಸ್ವ ದೀರ್ಘ ಭೇದವಿದೆ. ಬೆಳೆ ಬೇರೆ, ಬೇಳೆ ಬೇರೆ. ಕೊಡು ಬೇರೆ, ಕೋಡು ಬೇರೆ. ಎರಡನೆಯದು, ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ. ಕನ್ನಡದಲ್ಲಿ ಅದು ಪೂರ್ತಿಯಾಗಿ ನಿಂತು ಎರಡನೆಯದು ಕೆಳಗೆ ಒತ್ತಾಗುತ್ತದೆ. ‘ಪುಸ್ತಕ’ ಎಂಬ ಪದವನ್ನು ಎರಡು ಲಿಪಿಗಳಲ್ಲಿಯೂ ಬರೆದು ತೋರಿಸಿದರೆ ಮಗು ಕೂಡಲೇ ಗ್ರಹಿಸುತ್ತದೆ. ಮೂರನೆಯದು, ಹಿಂದಿಯಲ್ಲಿ ಪದಾಂತ್ಯದ ಅಕಾರ ಲೋಪವಾಗುತ್ತದೆ. ಕನ್ನಡದಲ್ಲಿ ‘ಮರ’ವನ್ನು ‘ಮರ್’ ಎಂದು ಓದುವಂತಿಲ್ಲ. ಮಾತಿನ ಕನ್ನಡ ಬಲ್ಲ ಮಗು ಈ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ.

ಅಕ್ಷರ ಬಂದ ಮೇಲೆಯೇ ನಿಜವಾದ ತೊಡಕು. ಪ್ರತಿ ಅಕ್ಷರವನ್ನೂ ಕೂಡಿಸಿ ಓದುವ ಮಗು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲನ್ನು ಮರೆತಿರುತ್ತದೆ. ಅರ್ಥ ಸಿಗದೆ ಬೇಸರ ಹುಟ್ಟುತ್ತದೆ. ವೇಗ ಬರುವುದು ಸುಲಭವಾದ ಹಲವು ಪುಸ್ತಕಗಳನ್ನು ಓದುವುದರಿಂದ. ಕಠಿಣವಾದ ಒಂದೇ ಪುಸ್ತಕವನ್ನು ಒತ್ತಾಯದಿಂದ ಓದಿಸಿದರೆ ಅದು ಬಾರದು. ಒಂದು ಮನೆ ಇಷ್ಟೊಂದು ಪುಸ್ತಕಗಳನ್ನು ಕೊಳ್ಳಲಾರದು, ಗ್ರಂಥಾಲಯ ಕೊಳ್ಳಬಲ್ಲದು.

ಎಂತಹ ಪುಸ್ತಕಗಳು?

ಮೊದಲ ಹಂತಕ್ಕೆ ದಪ್ಪಕ್ಷರದ, ಒತ್ತಕ್ಷರ ಕಡಿಮೆಯಿರುವ ಚಿತ್ರಪುಸ್ತಕಗಳು ಬೇಕು. 1957ರಲ್ಲಿ ಸ್ಥಾಪಿತವಾದ, ದೆಹಲಿಯಲ್ಲಿಯೇ ಕೇಂದ್ರವಿರುವ ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಕನ್ನಡ ಪುಸ್ತಕಗಳನ್ನೂ ತಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಕಥೆಪುಸ್ತಕಗಳು ಓದಿನ ಮಟ್ಟಕ್ಕನುಗುಣವಾಗಿ ವಿಂಗಡವಾಗಿರುವುದರಿಂದ ಆಯ್ಕೆ ಸುಲಭ. ಮುಂದಿನ ಹಂತಕ್ಕೆ ಪಂಜೆ ಮಂಗೇಶರಾಯರ ಕಥೆಗಳು, ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು, ಪ್ರೊ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದ ಭಾರತ-ಭಾರತಿ ಮಾಲೆಯ ಕಿರುಪುಸ್ತಕಗಳು ಇವೆ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ರಚಿಸಿದ ಶಿವರಾಮ ಕಾರಂತರಂತಹ ಹಿರಿಯರ ಶ್ರಮವೂ ಈ ಕ್ಷೇತ್ರಕ್ಕೆ ಸಂದಿದೆ.

ಓದು ಮತ್ತು ಕಣ್ಣು

ಓದಿದರೆ ಕಣ್ಣು ಕೆಡುತ್ತದೆಂಬ ಆತಂಕ ಕೆಲವರಿಗುಂಟು. ದೆಹಲಿಯ ಸುಮಾರು ಹತ್ತು ಸಾವಿರ ಶಾಲಾಮಕ್ಕಳನ್ನು ಪರೀಕ್ಷಿಸಿ ಏಮ್ಸ್ ನೇತ್ರತಜ್ಞರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರದ ವಸ್ತು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷ ಶೇಕಡಾ 13ರಷ್ಟು ಮಕ್ಕಳಲ್ಲಿ ಕಂಡುಬಂದಿತು. ಬಯಲಿನಲ್ಲಿ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಆಡುವ ಮಕ್ಕಳಲ್ಲಿ ಅದು ಕಡಿಮೆಯಿತ್ತು. ಆದುದರಿಂದ ಓದನ್ನು ಬಿಡಿಸಬೇಕಾಗಿಲ್ಲ, ಆಟವನ್ನು ಉಳಿಸಬೇಕು. ಪುಸ್ತಕ ಕಣ್ಣಿನಿಂದ ಒಂದಡಿಗಿಂತ ದೂರವಿರಲಿ, ಬೆಳಕು ಧಾರಾಳವಾಗಿರಲಿ, ಅರ್ಧ ಗಂಟೆಗೊಮ್ಮೆ ಮಗು ಕಿಟಕಿಯಾಚೆ ದೂರ ನೋಡಲಿ. ಓದಲು ಕುಳಿತೊಡನೆ ತಲೆನೋವೆನ್ನುವ ಮಗುವನ್ನು ಸೋಮಾರಿಯೆಂದು ಗದರಿಸುವ ಮೊದಲು ಅದರ ಕಣ್ಣಿನ ಪರೀಕ್ಷೆ ಮಾಡಿಸಬೇಕು.

ಹಿರಿಯರ ಪಾಲಿನ ಕೆಲಸ

ಮಕ್ಕಳ ಶಾಲೆ ಯಾವುದೇ ಆಗಿರಲಿ, ಪೋಷಕರ ಸಭೆಯಲ್ಲಿ ಗ್ರಂಥಾಲಯದ ವಿಚಾರವನ್ನು ಕೇಳಬಹುದು: ವಾರಕ್ಕೊಂದು ಪುಸ್ತಕ ಮನೆಗೆ ಕೊಡುತ್ತಾರೆಯೆ? ಒಂದು ಕಪಾಟಿನ ಭಾಗವನ್ನು ಕನ್ನಡಕ್ಕೆ ಬಿಟ್ಟುಕೊಟ್ಟಾರೆಯೆ? ನಾಲ್ಕು ಸಂಸಾರಗಳು ಸೇರಿ ಪುಸ್ತಕಗಳನ್ನು ಒದಗಿಸುವುದಾದರೆ ಒಪ್ಪುವ ಶಾಲೆಗಳು ಸಿಕ್ಕಾವು. ಊರಿನಿಂದ ಹುಳಿಪುಡಿ, ಹುಣಸೆಹಣ್ಣು, ಕಾಫಿಪುಡಿಗಳನ್ನು ತಪ್ಪದೆ ತರುವ ನಾವು ಅದೇ ಚೀಲದಲ್ಲಿ ನಾಲ್ಕು ಮಕ್ಕಳ ಪುಸ್ತಕಗಳಿಗೂ ಸ್ಥಳ ಮಾಡಬೇಕು. ಊರಿನಿಂದ ಬಂದು ಚಳಿಗಾಲವನ್ನು ಇಲ್ಲಿ ಕಳೆಯುವ ಅಜ್ಜ ಅಜ್ಜಿಯರು ವಾರಕ್ಕೊಮ್ಮೆ ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿದರೆ, ಪುಸ್ತಕದ ಮೇಲೆ ಬೆರಳಾಡಿಸುತ್ತ ಓದಿದರೆ, ಕಿವಿಯ ಕನ್ನಡ ಕಣ್ಣಿಗಿಳಿಯುತ್ತದೆ. ಮಗು ತಪ್ಪು ಓದಿದಾಗ ನಗಬಾರದು. ಓದಿ ಮುಗಿಸಿದ ಮೇಲೆ ಪರೀಕ್ಷೆಯಂತೆ ಪ್ರಶ್ನೆ ಕೇಳಬಾರದು.

ಎಲ್ಲಕ್ಕೂ ಮಿಗಿಲಾಗಿ, ಮನೆಯ ಹಿರಿಯರ ಕೈಯಲ್ಲಿ ಮಗು ಪುಸ್ತಕವನ್ನು ಕಾಣಬೇಕು. ದಿನಕ್ಕೆ ಹತ್ತು ನಿಮಿಷವಾದರೂ ನಾವೇ ಕನ್ನಡವನ್ನು ಓದದೆ, ಮಕ್ಕಳು ಓದುವುದಿಲ್ಲವೆಂದು ದೂರುವ ಅಧಿಕಾರ ನಮಗಿಲ್ಲ.