ಹರಳಿನ ಗುಣವೂ ಔಷಧದ ಗುಣವೇ

ಅಪಸ್ಮಾರಕ್ಕೆ ವೈದ್ಯರು ದಶಕಗಳಿಂದ ಬರೆದುಕೊಡುತ್ತಿರುವ ಔಷಧಗಳಲ್ಲಿ ಕಾರ್ಬಮಜೆಪಿನ್ ಒಂದು. ತೇವವಿರುವೆಡೆ ಇಟ್ಟರೆ ಈ ಮಾತ್ರೆಯ ಪರಿಣಾಮ ಮೂರನೆಯ ಒಂದು ಪಾಲಿನಷ್ಟು ಕುಗ್ಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1990ರಲ್ಲಿ ಎಚ್ಚರಿಸಿತ್ತು. ಇಲ್ಲಿ ಅಣುವೇನೂ ಒಡೆಯುವುದಿಲ್ಲ. ಹರಳು ನೀರನ್ನು ಒಳಗೆ ಸೇರಿಸಿಕೊಂಡು ಬೇರೊಂದು ಹರಳಾಗುತ್ತದೆ. ಮಾತ್ರೆ ಗಟ್ಟಿಯಾಗಿ, ಹೊಟ್ಟೆಯಲ್ಲಿ ಸರಿಯಾಗಿ ಕರಗುವುದಿಲ್ಲ. ಹಿಡಿತಕ್ಕೆ ಬಂದಿದ್ದ ಸೆಳವು ಮರುಕಳಿಸಲು ಅಷ್ಟು ಸಾಕು. ಕರಾವಳಿಯ ಆಷಾಢವನ್ನು ಬಲ್ಲವರಿಗೆ ಇದು ಅಮೆರಿಕದ ಸುದ್ದಿಯೆನಿಸದು.

ಇಂಥ ಔಷಧಗಳಿಗೆ ವಿಜ್ಞಾನಿಗಳು ಹುಡುಕಿಕೊಂಡಿರುವ ಒಂದು ದಾರಿ ಸಹಸ್ಫಟಿಕ. ಔಷಧದ ಅಣುವನ್ನು ತಿದ್ದದೆ, ನಿರಪಾಯಕಾರಿಯಾದ ಮತ್ತೊಂದು ಅಣುವಿನ ಜೊತೆ ಒಂದೇ ಹರಳಿನಲ್ಲಿ ಕೂರಿಸುವುದು ಅದರ ತಿರುಳು. ಕಾರ್ಬಮಜೆಪಿನ್‌ಗೆ ಸಿಕ್ಕ ಸಂಗಾತಿಗಳಲ್ಲಿ ಒಂದು ಮಧುಮೇಹಿಗಳಿಗೆ ಪರಿಚಿತವಾದ ಸ್ಯಾಕರಿನ್. ಇನ್ನೊಂದು ಬಿ ಜೀವಸತ್ವದ ಬಳಗದ ನಿಕೋಟಿನಮೈಡ್.

ಆದರೆ ಬೆರೆಸಿದ್ದೆಲ್ಲ ಸಹಸ್ಫಟಿಕವಲ್ಲ. ಎರಡು ಪುಡಿಗಳು ಸುಮ್ಮನೆ ಅಕ್ಕಪಕ್ಕ ಕುಳಿತಿವೆಯೋ, ಹೈಡ್ರೋಜನ್ ಬಂಧದಿಂದ ಕೈಹಿಡಿದಿವೆಯೋ ಎಂಬುದನ್ನು ತಿಳಿಸುವುದು ರೋಹಿತ. ಬಂಧ ಬಿದ್ದೊಡನೆ ಅಣುವಿನ ಕಂಪನ ಬದಲಾಗಿ, ರೋಹಿತದ ಗೆರೆಗಳು ಜಾಗ ಪಲ್ಲಟಿಸುತ್ತವೆ. 1928ರಲ್ಲಿ ಸಿ.ವಿ. ರಾಮನ್ ಕಂಡ ಪರಿಣಾಮಕ್ಕೆ ಇಲ್ಲೊಂದು ವಿಶೇಷ ಅನುಕೂಲವಿದೆ. ರಾಮನ್ ರೋಹಿತದಲ್ಲಿ ನೀರಿನ ಗುರುತು ಬಹಳ ಮಂಕು. ಹಾಗಾಗಿ ನೀರಿನಲ್ಲಿ ಕದಡಿದ ಪುಡಿ ರೂಪ ಬದಲಿಸುವುದನ್ನು ಕಣ್ಣೆದುರೇ ಗಮನಿಸಬಹುದು. ನಿಕೋಟಿನಮೈಡ್ ಜೋಡಿ ನೀರಿಗೆ ಬಿದ್ದರೆ ಕೈಬಿಡುತ್ತದೆ!

ಯಾವ ಗೆರೆ ಯಾವ ಕಂಪನದ್ದೆಂಬುದನ್ನು ಗಣಕದ ಲೆಕ್ಕಾಚಾರ ಬಿಡಿಸಿಕೊಡುತ್ತದೆ. ಇಲ್ಲಿ ನನ್ನದೊಂದು ತಕರಾರಿದೆ. ಶೂನ್ಯದಲ್ಲಿ ತೇಲುವ ಒಂದು ಜೋಡಿ ಅಣುವಿಗೆ ಲೆಕ್ಕಹಾಕಿ ಇಡೀ ಹರಳಿನ ಬಗ್ಗೆ ತೀರ್ಪು ಕೊಡುವ ಪ್ರಬಂಧಗಳು ಕಡಿಮೆಯಿಲ್ಲ. ಜಾತಕ ನೋಡಿ ಸಂಸಾರವನ್ನು ವರ್ಣಿಸಿದಂತೆ ಅದು. ನೆರೆಹೊರೆಯ ಅಣುಗಳನ್ನೂ ಸೇರಿಸಿಕೊಂಡ ಲೆಕ್ಕದ ಬಲವೇ ಬೇರೆ. ಕಾರ್ಬಮಜೆಪಿನ್‌ನ ಮೊದಲ ನಾಲ್ಕು ಹರಳುರೂಪಗಳಲ್ಲಿ ಅಣುಗಳು ಜೋಡಿಜೋಡಿಯಾಗಿದ್ದವು. ಸರಪಳಿಯಾಗಿಯೂ ಇರಬಲ್ಲವೆಂದು ಗಣಕ ಮುಂಚೆಯೇ ಸೂಚಿಸಿತ್ತು. 2011ರಲ್ಲಿ ವರದಿಯಾದ ಐದನೆಯ ರೂಪ ಸರಪಳಿಯದೇ.

ಇದೆಲ್ಲ ರೋಗಿಗೆ ತಲುಪುವ ದಾರಿಯಲ್ಲಿ ಕಾನೂನೂ ನಿಂತಿದೆ. ನಮ್ಮ ಪೇಟೆಂಟ್ ಕಾಯಿದೆಯ 3(ಡಿ) ಕಲಮಿನ ಪ್ರಕಾರ, ಗೊತ್ತಿರುವ ಔಷಧದ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಪರಿಣಾಮ ಗಮನಾರ್ಹವಾಗಿ ಹೆಚ್ಚಬೇಕು. ಗ್ಲಿವೆಕ್ ಪ್ರಕರಣದ 2013ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹರಳು ತೇವ ಕಡಿಮೆ ಹೀರುವುದು ದಾಸ್ತಾನಿಗೆ ಅನುಕೂಲವೇ ಹೊರತು ಚಿಕಿತ್ಸೆಯ ಪರಿಣಾಮವಲ್ಲವೆಂದಿತು. ಆ ಕ್ಯಾನ್ಸರ್ ಔಷಧದ ಮಟ್ಟಿಗೆ ತೀರ್ಪು ನನಗೂ ಒಪ್ಪಿಗೆ. ಹಳೆಯ ಔಷಧಕ್ಕೆ ಹೊಸ ಅಂಗಿ ತೊಡಿಸಿ ಏಕಸ್ವಾಮ್ಯ ಲಂಬಿಸುವುದು ಸಲ್ಲದು. ಸ್ಯಾಕರಿನ್ ಜೋಡಿ ಕೂಡ 2007ರ ಅಧ್ಯಯನದಲ್ಲಿ ಮಾರುಕಟ್ಟೆಯ ಮಾತ್ರೆಗೆ ಸರಿಸಮನಾಗಿ ನಿಂತಿತಷ್ಟೆ. ಆದರೆ ತೇವದಿಂದಲೇ ಪರಿಣಾಮ ಕಳೆದುಕೊಳ್ಳುವ ಕಾರ್ಬಮಜೆಪಿನ್‌ನಂಥ ಔಷಧದಲ್ಲಿ ದಾಸ್ತಾನು ಬೇರೆ, ಚಿಕಿತ್ಸೆ ಬೇರೆ ಎಂದು ಗೆರೆ ಎಳೆಯುವುದೆಲ್ಲಿ? ಅದನ್ನು ವಾದಿಸಬೇಕಾದವರು ವಕೀಲರಿಗಿಂತ ಮೊದಲು ಪ್ರಯೋಗಾಲಯದವರು. ರೋಹಿತದ ಗೆರೆಗಳ ಜೊತೆಗೆ, ಮಳೆಗಾಲ ಕಳೆದ ಮಾತ್ರೆಯನ್ನು ನುಂಗಿದ ರೋಗಿಯ ರಕ್ತದಲ್ಲಿ ಔಷಧವೆಷ್ಟು ಎಂಬ ಅಂಕಿಯನ್ನೂ ಅವರು ಮುಂದಿಡಬೇಕು.