ಹೆಸರೊಬ್ಬರದು, ಕೈಕೆಲಸ ಮತ್ತೊಬ್ಬರದು

ಬೈಸಿಕಲ್ಲಿನ ಹ್ಯಾಂಡಲಿನ ಕೆಳಗೆ, ಮುಂದಿನ ಫೋರ್ಕು ಫ್ರೇಮಿನೊಳಕ್ಕೆ ಸೇರುವ ಗಿಡ್ಡ ಕೊಳವೆಯ ಮೇಲೆ, ತಯಾರಕರ ಲಾಂಛನವೊಂದನ್ನು ಹಿತ್ತಾಳೆಯಲ್ಲೋ ತಗಡಿನಲ್ಲೋ ಒತ್ತಿ ಕೂಡಿಸುವ ಪದ್ಧತಿ ಬಹಳ ಹಳೆಯದು. ರ್‍ಯಾಲಿ ಸೈಕಲ್ಲಿನ ಕೊಕ್ಕರೆಯ ತಲೆಯನ್ನು ದೂರದಿಂದಲೇ ಗುರುತಿಸಿ, ಇದು ಇಂಗ್ಲೆಂಡಿನ ಸರಕೋ ಇಲ್ಲಿಯದೋ ಎಂದು ವಿಚಾರಿಸುತ್ತಿದ್ದ ತಲೆಮಾರು ನಮ್ಮಲ್ಲಿಯೂ ಇದ್ದಿತು. ಆ ಲಾಂಛನದಲ್ಲಿ ಒಂದು ವಾಗ್ದಾನವಿರುತ್ತಿತ್ತು: ಈ ಗಾಡಿಯನ್ನು ಇಂಥ ಊರಿನ ಇಂಥ ಕಾರ್ಖಾನೆಯಲ್ಲಿ ಇಂಥವರು ಮಾಡಿದರು, ಇದರಲ್ಲಿ ದೋಷ ಕಂಡುಬಂದರೆ ಅದಕ್ಕೆ ಅವರೇ ಹೊಣೆ. ಕಳೆದ ಐವತ್ತು ವರ್ಷಗಳಲ್ಲಿ ಈ ವಾಗ್ದಾನದ ಉತ್ತರಾರ್ಧವು ಹೇಗೋ ಉಳಿದುಕೊಂಡಿದೆ. ಪೂರ್ವಾರ್ಧವು ಬಹುತೇಕ ಅಳಿದುಹೋಗಿದೆ. ಲಾಂಛನವುಳ್ಳವರು ಒಂದು ದೇಶದಲ್ಲಿದ್ದರೆ ಗಾಡಿಯನ್ನು ಮಾಡಿದವರು ಮತ್ತೊಂದು ದೇಶದಲ್ಲಿರುತ್ತಾರೆ. ಬೈಸಿಕಲ್ ಉದ್ಯಮದಲ್ಲಿ ಹೆಸರಿಗಾಗಿ ನಡೆಯುತ್ತಿರುವ ವ್ಯಾಜ್ಯಗಳು ಇಷ್ಟು ಉಗ್ರವಾಗಿರುವುದೇತಕ್ಕೆ ಎಂಬುದನ್ನು ತಿಳಿಯಬೇಕಾದರೆ ಈ ಅಗಲಿಕೆಯ ಕಥೆಯನ್ನು ತಿಳಿಯಬೇಕು.

ವ್ಯಾಪಾರಮುದ್ರೆಯ ನ್ಯಾಯವನ್ನು ಮೊದಲು ಸ್ವಲ್ಪ ಬಿಡಿಸಿ ಹೇಳುವುದು ಉಚಿತ. ಗ್ರಂಥಕರ್ತನಿಗೆ ಹಕ್ಕುಸ್ವಾಮ್ಯವುಂಟು, ನೂತನ ಯಂತ್ರವನ್ನು ಕಂಡುಹಿಡಿದವನಿಗೆ ಪೇಟೆಂಟು ಉಂಟು, ಇವೆರಡೂ ಕಾಲಮಿತಿಯುಳ್ಳವು. ವ್ಯಾಪಾರಮುದ್ರೆಗಾದರೋ ಅಂಥ ಮಿತಿಯಿಲ್ಲ. ನಿಯತಕಾಲಕ್ಕೊಮ್ಮೆ ಶುಲ್ಕ ತೆತ್ತು ನವೀಕರಿಸುತ್ತ, ಬಳಕೆಯಲ್ಲಿಟ್ಟುಕೊಂಡು ಬಂದರೆ ಅದು ತಲೆಮಾರುಗಳವರೆಗೆ ನಡೆಯುತ್ತದೆ. ನಮ್ಮ ದೇಶದಲ್ಲಿ 1940ರ ಶಾಸನದಿಂದ ಮೊದಲ್ಗೊಂಡು 1958ರದನ್ನು ಹಾದು ಈಗ ಜಾರಿಯಲ್ಲಿರುವ 1999ರ ಶಾಸನದವರೆಗೆ ಈ ತತ್ತ್ವವೇ ಮುಂದುವರಿದಿದೆ. ಈಗಿನ ನಿಯತಕಾಲ 10 ವರ್ಷ. ಎರಡು ಕಟ್ಟುಗಳನ್ನು ಮಾತ್ರ ಶಾಸನವು ವಿಧಿಸುತ್ತದೆ. ಹೆಸರಿನ ಮೇಲಣ ಹಕ್ಕು ನೋಂದಾಯಿಸಿದ ಬಗೆಯ ಸರಕಿಗೆ ಸಂಬಂಧಿಸಿದ್ದು. ಮತ್ತು ಅದು ನೋಂದಾಯಿಸಿದ ದೇಶದ ಎಲ್ಲೆಯೊಳಗೆ ಸಲ್ಲತಕ್ಕದ್ದು. ಈ ಎರಡನೆಯ ಕಟ್ಟಿನಿಂದ ಎಂಥ ವಿಚಿತ್ರ ಸ್ಥಿತಿಗಳು ಒದಗಬಹುದೆಂಬುದನ್ನು ಮುಂದೆ ನೋಡೋಣ.

ಫ್ರಾನ್ಸಿನ ಉತ್ತರದಲ್ಲಿ, ಬೆಲ್ಜಿಯಮ್ಮಿನ ಗಡಿಗೆ ಹತ್ತಿರವಾಗಿ, ರೂಬೆ ಎಂಬ ಪಟ್ಟಣವೊಂದುಂಟು. ನೂಲು ನೇಯ್ಗೆಗಳ ಗಿರಣಿಗಳಿಂದ ಹೆಸರಾಗಿದ್ದ ಈ ಊರು 1896ರಿಂದೀಚೆಗೆ ಸೈಕಲ್ ಸವಾರರಿಗೆ ಪುಣ್ಯಕ್ಷೇತ್ರವಾಗಿದೆ. ಪ್ಯಾರಿಸ್ ಕಡೆಯಿಂದ ಹೊರಟು ಇನ್ನೂರೈವತ್ತು ಕಿಲೋಮೀಟರುಗಳಷ್ಟು ದೂರ ಸಾಗಿ ಈ ಪಟ್ಟಣವನ್ನು ಮುಟ್ಟುವ ಸ್ಪರ್ಧೆಯಲ್ಲಿ, ಐವತ್ತಕ್ಕೂ ಹೆಚ್ಚು ಕಿಲೋಮೀಟರುಗಳ ದಾರಿ ಹೊಲಗಳ ನಡುವಣ ಒರಟು ಕಲ್ಲುಹಾಸಿನ ಮೇಲೆಯೇ ಹಾಯುತ್ತದೆ. ಮಳೆ ಬಂದರೆ ಕೆಸರು, ಬಾರದಿದ್ದರೆ ಧೂಳು; ಕಲ್ಲುಗಳ ಸಂದಿಗೆ ಸಿಕ್ಕಿ ಟೈರು ಒಡೆಯುತ್ತದೆ, ರಿಮ್ಮು ಬಾಗುತ್ತದೆ, ಹ್ಯಾಂಡಲು ಹಿಡಿದ ಅಂಗೈಗಳಲ್ಲಿ ಬೊಬ್ಬೆಗಳೇಳುತ್ತವೆ. ಗೆದ್ದವನಿಗೆ ಕೊಡುವ ಬಹುಮಾನವೂ ಆ ದಾರಿಯ ಕಲ್ಲಿನದೇ: ಪೀಠಕ್ಕೆ ಕೂಡಿಸಿದ ಒಂದು ಹಾಸುಗಲ್ಲು. ಇಂಥ ದಾರಿಯನ್ನು ತಾಳಿಕೊಳ್ಳಬಲ್ಲ ಗಾಡಿಯೆಂಬ ಅರ್ಥದಲ್ಲಿ ಸೈಕಲ್ ಕಂಪನಿಗಳು ತಮ್ಮ ಮಾದರಿಗಳಿಗೆ ಈ ಪಟ್ಟಣದ ಹೆಸರನ್ನು ಇಟ್ಟುಕೊಳ್ಳಲಾರಂಭಿಸಿದುದು ಸಹಜವಾಗಿಯೇ ಇದೆ.

ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ, ಕ್ಯಾಲ್ಗರಿ ನಗರಕ್ಕೆ ಸಮೀಪದ ಕಾಕ್ರೇನ್ ಎಂಬ ಚಿಕ್ಕ ಊರಿನಲ್ಲಿ, ಹಿಂದೆ ಸೇನೆಯಲ್ಲಿ ಸೇವೆ ಸಲ್ಲಿಸಿದ್ದವನೊಬ್ಬನು ಸೈಕಲ್ ಅಂಗಡಿಯೊಂದನ್ನು ತೆರೆದು ಅದಕ್ಕೆ ‘ಕೆಫೆ ರೂಬೆ’ ಎಂದು ಹೆಸರಿಟ್ಟಿದ್ದನು. ಅಲ್ಲಿ ರಿಪೇರಿ ನಡೆಯುತ್ತಿತ್ತು, ಅಂಗಡಿಯ ಹೆಸರಿನಲ್ಲಿ ಚಕ್ರಗಳೂ ಮಾರಾಟವಾಗುತ್ತಿದ್ದವು. 2013ರ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದ ಸ್ಪೆಶಲೈಜ಼್ಡ್ ಎಂಬ ಬೃಹತ್ ಕಂಪನಿಯು ಈ ಪುಟ್ಟ ಅಂಗಡಿಗೆ ವಕೀಲರ ಮೂಲಕ ಎಚ್ಚರಿಕೆ ಕೊಟ್ಟ ಸಂಗತಿ ಹೊರಬಿದ್ದಿತು. ರೂಬೆ ಎಂಬ ಹೆಸರು ಕೆನಡಾದಲ್ಲಿ ನಮ್ಮದು; ನೀವು ಅದನ್ನು ಬಿಡತಕ್ಕದ್ದು; ಇದು ಅದರ ತಾತ್ಪರ್ಯ. ನ್ಯಾಯಾಲಯದಲ್ಲಿ ಹೋರಾಡುವ ಖರ್ಚು ಅಂಗಡಿಯವನ ಶಕ್ತಿಗೆ ಮೀರಿದ್ದಾಗಿತ್ತು. ಸುದ್ದಿ ಹಬ್ಬಿದಂತೆ ಎಲ್ಲೆಡೆಯ ಸೈಕಲ್ ಸವಾರರಲ್ಲಿ ಕೋಪವುಂಟಾಯಿತು. ಒಂದು ಊರಿನ ಹೆಸರು, ಅದೂ ನೂರು ವರ್ಷಕ್ಕೂ ಮಿಕ್ಕಿ ಸವಾರರೆಲ್ಲರ ನಾಲಗೆಯ ಮೇಲಿರುವ ಹೆಸರು, ಒಬ್ಬ ವರ್ತಕನ ಸ್ವತ್ತಾಗುವುದೆಂದರೇನು?

ಈ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರವುಂಟು. ಸರಕು ಹುಟ್ಟಿದ ಸ್ಥಳವನ್ನು ಸೂಚಿಸುವ ಊರಿನ ಹೆಸರನ್ನು ಯಾರೊಬ್ಬರೂ ಸಾಮಾನ್ಯವಾಗಿ ವಶಪಡಿಸಿಕೊಳ್ಳಲಾಗದು. ಆದರೆ ರೂಬೆ ಪಟ್ಟಣವು ಹೆಸರಾದುದು ಬಟ್ಟೆಗೆ, ಸೈಕಲ್ ತಯಾರಿಕೆಗಲ್ಲ. ಆದ್ದರಿಂದ ಸೈಕಲ್ಲಿನ ಮೇಲೆ ಆ ಹೆಸರು ಉತ್ಪತ್ತಿಸ್ಥಾನವನ್ನು ಸೂಚಿಸದೆಂದು ವಾದಿಸಬಹುದು. ಅಲ್ಲದೆ ಮುದ್ರೆಯ ಒಡೆಯನು ಪರರ ಬಳಕೆಯನ್ನು ಕಂಡೂ ಕಾಣದಂತೆ ಸುಮ್ಮನಿದ್ದರೆ, ಹೆಸರು ಕ್ರಮೇಣ ಸಾಮಾನ್ಯ ಪದವಾಗಿ ಅವನ ಹಕ್ಕೇ ಶಿಥಿಲವಾಗುವ ಅಪಾಯವುಂಟು. ಇದನ್ನೆಲ್ಲ ಒಪ್ಪಿದ ಮೇಲೂ, ಸವಾರರ ಸಮಸ್ತ ಪರಂಪರೆಗೆ ಸೇರಿದ ಒಂದು ಹೆಸರಿಗೆ ಬೇಲಿ ಹಾಕುವುದು ನ್ಯಾಯದ ಅಕ್ಷರಕ್ಕೆ ಸರಿಹೊಂದಿದರೂ ನ್ಯಾಯದ ಆಶಯಕ್ಕೆ ಸರಿಹೊಂದದೆಂಬುದೇ ನನ್ನ ದೃಢವಾದ ಅಭಿಪ್ರಾಯ. ಯಾವ ಗ್ರಾಹಕನೂ ಕಾಕ್ರೇನಿನ ಆ ಅಂಗಡಿಯನ್ನು ಕ್ಯಾಲಿಫೋರ್ನಿಯಾದ ಕಂಪನಿಯೆಂದು ಭ್ರಮಿಸುವ ಸಂಭವವಿರಲಿಲ್ಲ. ಭ್ರಮೆಯಿಲ್ಲದ ಕಡೆ ರಕ್ಷಣೆಯ ಮಾತೆಲ್ಲಿ?

ಪ್ರಕರಣ ಮುಗಿದ ಬಗೆ ಇನ್ನೂ ಗಮನಾರ್ಹವಾದುದು. ಫ್ಯೂಜಿ ಸೈಕಲ್ಲುಗಳ ಒಡೆತನವನ್ನು ಆಗ ಹೊಂದಿದ್ದ ಮತ್ತೊಂದು ಅಮೆರಿಕದ ಕಂಪನಿಯು ಮುಂದೆ ಬಂದು, ರೂಬೆ ಎಂಬ ಹೆಸರನ್ನು ಫ್ಯೂಜಿ ಗಾಡಿಗಳ ಮೇಲೆ 1990ರ ದಶಕದ ಆದಿಯಿಂದಲೇ ಬಳಸುತ್ತಿರುವವರು ತಾವೆಂದೂ, ಸ್ಪೆಶಲೈಜ಼್ಡ್ ಕಂಪನಿಯು ತಮ್ಮಿಂದ ಪರವಾನಗಿ ಪಡೆದು ಬಳಸುತ್ತಿದೆಯೆಂದೂ, ಅದನ್ನು ಕೆನಡಾದಲ್ಲಿ ಸ್ವಂತಕ್ಕೆ ನೋಂದಾಯಿಸುವ ಅಧಿಕಾರ ಅದಕ್ಕಿರಲಿಲ್ಲವೆಂದೂ, ಕೆಫೆಯವನು ಹೆಸರನ್ನಿಟ್ಟುಕೊಳ್ಳಲು ತಮ್ಮ ಆಕ್ಷೇಪವಿಲ್ಲವೆಂದೂ ಸಾರಿತು. ಸ್ಪೆಶಲೈಜ಼್ಡ್ ಕಂಪನಿಯ ಸಂಸ್ಥಾಪಕ ಮೈಕ್ ಸಿನ್ಯಾರ್ಡ್ ತಾವೇ ಆ ಅಂಗಡಿಗೆ ಹೋಗಿ ಕ್ಷಮೆ ಯಾಚಿಸಿದರು. ಅಂಗಡಿಯ ಹೆಸರು ಉಳಿಯಿತು.

ಇಲ್ಲಿ ಓದುಗರು ಒಂದು ಸಂಗತಿಯನ್ನು ನೆನಪಿಡಬೇಕು. 1974ರಲ್ಲಿ ಯುರೋಪಿನ ಬಿಡಿಭಾಗಗಳನ್ನು ಆಮದು ಮಾಡಿ ಮಾರುವ ಅಂಗಡಿಯಾಗಿ ಹುಟ್ಟಿದ ಈ ಕಂಪನಿಯು ಪ್ರಸಿದ್ಧವಾದುದು 1981ರ ಸ್ಟಂಪ್‌ಜಂಪರ್ ಎಂಬ ಬೆಟ್ಟದ ಸೈಕಲ್ಲಿನಿಂದ. ಅದನ್ನು ತಯಾರಿಸಿದವರು ಜಪಾನಿನವರು. 2001ರಲ್ಲಿ ತೈವಾನಿನ ಮೆರಿಡಾ ಎಂಬ ತಯಾರಕ ಕಂಪನಿಯು ಸ್ಪೆಶಲೈಜ಼್ಡಿನಲ್ಲಿ ದೊಡ್ಡ ಪಾಲನ್ನೇ ಕೊಂಡುಕೊಂಡಿತು. ಅಲ್ಲಿಂದೀಚೆಗೆ ಅದರ ಗಾಡಿಗಳಲ್ಲಿ ಬಹಳಷ್ಟು ಮೆರಿಡಾದ ಕಾರ್ಖಾನೆಗಳಿಂದ ಬರುತ್ತಿವೆ. ವಿನ್ಯಾಸ, ಪ್ರಚಾರ, ಹೆಸರು, ಇವಿಷ್ಟು ಒಡೆಯನ ಬಳಿ. ಕೊಳವೆ, ಬೆಸುಗೆ, ಬಣ್ಣ ಪರದೇಶದಲ್ಲಿ. ಒಡೆಯನ ಕೈಯಲ್ಲಿ ಉಳಿದಿರುವ ಮುಖ್ಯ ಆಸ್ತಿಯೇ ಹೆಸರಾದಾಗ, ಅವನು ಚಿಕ್ಕ ಅಂಗಡಿಯೊಂದರ ಫಲಕವನ್ನು ಕಂಡರೂ ಬೆದರುವನು.

ಈ ಅಗಲಿಕೆಯ ಅತ್ಯಂತ ಕರುಣಾಜನಕವಾದ ದೃಷ್ಟಾಂತ ಷ್ವಿನ್ ಕಂಪನಿಯದು. ಜರ್ಮನಿಯಿಂದ ವಲಸೆ ಬಂದ ಇಗ್ನಾಜ಼್ ಷ್ವಿನ್ 1895ರಲ್ಲಿ ಷಿಕಾಗೋ ನಗರದಲ್ಲಿ ಪ್ರಾರಂಭಿಸಿದ ಈ ಮನೆತನದ ಉದ್ಯಮದ ಸೈಕಲ್ಲು, ಎರಡನೆಯ ಮಹಾಯುದ್ಧದ ತರುವಾಯದ ದಶಕಗಳಲ್ಲಿ, ಅಮೆರಿಕದ ಪ್ರತಿಯೊಬ್ಬ ಬಾಲಕನೂ ಹಂಬಲಿಸುತ್ತಿದ್ದ ವಸ್ತುವಾಗಿತ್ತು. ಅವರ ವಾರ್ಸಿಟಿ ಮಾದರಿಯ ಫ್ರೇಮಿನಲ್ಲಿ ಕೊಳವೆಗಳು ಕೂಡುವ ಸಂದುಗಳು ಬೆರಳಾಡಿಸಿದರೂ ತಿಳಿಯದಷ್ಟು ನುಣುಪು. ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ವಿದ್ಯುತ್ತಿನಿಂದ ಬೆಸೆಯುವ ಆ ವಿಧಾನ ಷ್ವಿನ್ನರ ವೈಶಿಷ್ಟ್ಯವಾಗಿತ್ತು. ಗಾಡಿ ಮುರಿಯುತ್ತಿರಲಿಲ್ಲ; ಆದರೆ ತೂಕ ಹದಿನೆಂಟು ಕಿಲೋ ಸಮೀಪಿಸುತ್ತಿತ್ತು. 1970ರ ದಶಕದಲ್ಲಿ ಜಪಾನಿನಿಂದ ತೆಳುಗೊಳವೆಯ ಹಗುರ ಸೈಕಲ್ಲುಗಳು ಬಂದಿಳಿದಾಗ ಷಿಕಾಗೋದ ಹಳೆಯ ಯಂತ್ರಗಳು ಅವುಗಳಿಗೆ ಎಣೆಯಾಗಲಾರದೆಹೋದವು. ಕಂಪನಿಯು ಜಪಾನಿನಲ್ಲಿಯೇ ಕೆಲವು ಮಾದರಿಗಳನ್ನು ಮಾಡಿಸಿ ತನ್ನ ಹೆಸರನ್ನು ಅಂಟಿಸತೊಡಗಿತು. 1980ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದಾಗ, ತೈವಾನಿನ ಜೈಂಟ್ ಎಂಬ ಕಂಪನಿಗೆ ಹೆಚ್ಚಿನ ಬೇಡಿಕೆ ಕಳುಹಿಸಿ ಕೊರತೆಯನ್ನು ತುಂಬಿಕೊಂಡಿತು. ಷಿಕಾಗೋದ ಕಾರ್ಖಾನೆ ಕೆಲವೇ ವರ್ಷಗಳಲ್ಲಿ ಮುಚ್ಚಿತು.

ಜೈಂಟಿನ ಸಂಸ್ಥಾಪಕ ಕಿಂಗ್ ಲಿಯು ಮೊದಲು ಹಾವುಮೀನು ಸಾಕುತ್ತಿದ್ದವರು. ಚಂಡಮಾರುತಕ್ಕೆ ಸಿಕ್ಕಿ ಆ ಸಾಕಣೆ ನಾಶವಾದ ಮೇಲೆ 1972ರಲ್ಲಿ ತೈಚುಂಗ್ ಬಳಿಯ ದಾಜಿಯಾದಲ್ಲಿ ಸೈಕಲ್ ಕಾರ್ಖಾನೆ ತೆರೆದರು. ಅಂದಿನ ತೈವಾನಿನಲ್ಲಿ ಒಂದು ಕಾರ್ಖಾನೆಯ ಟೈರು ಇನ್ನೊಂದು ಕಾರ್ಖಾನೆಯ ರಿಮ್ಮಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಅಳತೆಗಳನ್ನು ಏಕರೂಪಕ್ಕೆ ತರಲು ಅವರು ಬಿಡಿಭಾಗದವರ ಮನೆಬಾಗಿಲುಗಳನ್ನು ಅಲೆದರು. ಷ್ವಿನ್ನರು ಅಲ್ಲಿಗೆ ಬೇಡಿಕೆಯೊಡನೆ ತಂತ್ರಜ್ಞರನ್ನೂ ಗುಣಪರೀಕ್ಷೆಯ ಶಿಸ್ತನ್ನೂ ಕಳುಹಿಸಿದರು. 1980ರ ದಶಕದ ಮಧ್ಯಭಾಗಕ್ಕೆ ಷ್ವಿನ್ ಸೈಕಲ್ಲುಗಳಲ್ಲಿ ಬಹುಪಾಲು ಜೈಂಟಿನವರದೇ ಕೈಕೆಲಸವಾಗಿತ್ತು. ತಮ್ಮ ಪ್ರಾಣವೇ ಪರರ ಕೈಸೇರಿತೆಂದು ಗಾಬರಿಗೊಂಡ ಷ್ವಿನ್ನರು 1987ರಲ್ಲಿ ಚೀನದ ಷೆನ್‌ಜ಼ೆನ್ನಿನ ಬೇರೊಂದು ಕಂಪನಿಯೊಡನೆ ಪಾಲುದಾರಿಕೆ ಮಾಡಿಕೊಂಡರು. ಅದೇ ಸಮಯಕ್ಕೆ ಜೈಂಟ್ ತನ್ನ ಹೆಸರಿನಲ್ಲಿಯೇ ಅಮೆರಿಕದ ಮಾರುಕಟ್ಟೆಯನ್ನು ಪ್ರವೇಶಿಸಿತು. ಷ್ವಿನ್ 1992ರಲ್ಲಿ ದಿವಾಳಿಯೆದ್ದಿತು. ಮನೆತನದ ಕೈತಪ್ಪಿದ ಹೆಸರನ್ನು ಕೊಂಡವರೂ 2001ರಲ್ಲಿ ದಿವಾಳಿಯಾದರು. ಆಮೇಲೆ ಅದು ಪೆಸಿಫಿಕ್ ಸೈಕಲ್ ಎಂಬವರಿಗೆ, 2004ರಲ್ಲಿ ಕೆನಡಾದ ಡೊರೆಲ್‌ಗೆ, ಈಚೆಗೆ ನೆದರ್ಲೆಂಡ್ಸಿನ ಪಾನ್ ಸಮೂಹಕ್ಕೆ ಕೈಬದಲಾಗುತ್ತ ಹೋಗಿದೆ. ಇಂದಿಗೂ ಅಂಗಡಿಗಳಲ್ಲಿ ಷ್ವಿನ್ ಸೈಕಲ್ಲುಂಟು. ಷಿಕಾಗೋದ ಬೆಸುಗೆಗಾರನ ವಿದ್ಯೆ ಅದರಲ್ಲಿಲ್ಲ. ಕೊಳ್ಳುವವನು ಹೆಸರಿಗೆ ತೆರುವ ಹಣದಲ್ಲಿ ಒಂದಂಶ ಆ ವಿದ್ಯೆಯ ಸ್ಮರಣೆಗೆ ಸಲ್ಲುತ್ತಿದೆಯಾದರೂ ಅದನ್ನು ಗಳಿಸಿಕೊಟ್ಟವರಿಗೆ ಅದು ತಲಪುವಂತಿಲ್ಲ.

ಎಲ್ಲೆಯ ಕಟ್ಟಿನಿಂದ ಒದಗುವ ವಿಚಿತ್ರಸ್ಥಿತಿಗೆ ಮಾಜ಼ಿ ಎಂಬ ಹೆಸರು ನಿದರ್ಶನ. ಮಿಲಾನಿನ ವಿಗೊರೆಲ್ಲಿ ಕ್ರೀಡಾಂಗಣದ ಕೆಳಗಿನ ಪುಟ್ಟ ಕಾರ್ಯಾಗಾರದಲ್ಲಿ ಮಹಾನ್ ಸವಾರರಿಗೆ ಫ್ರೇಮು ಕಟ್ಟಿಕೊಡುತ್ತಿದ್ದ ಫಾಲಿಯೆರೊ ಮಾಜ಼ಿ, 1970ರ ದಶಕದಲ್ಲಿ ಅಮೆರಿಕದ ಮಟ್ಟಿಗೆ ತಮ್ಮ ಹೆಸರನ್ನು ಮಾರಿ, ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡಿನಲ್ಲಿ ಕಾರ್ಖಾನೆ ಕಟ್ಟಲು ನೆರವಾದರು. ಆ ಹಕ್ಕು ಕೈಯಿಂದ ಕೈಗೆ ದಾಟಿ ಕೊನೆಗೆ ಹಾರೋ ಕಂಪನಿಯನ್ನು ಸೇರಿತು; ಮಗ ಆಲ್ಬರ್ಟೊ ಮಾತ್ರ ಅದೇ ವಿಗೊರೆಲ್ಲಿಯಲ್ಲಿ ಕೂತು ಫ್ರೇಮು ಕಟ್ಟುತ್ತ ಬಂದರು. ಹೀಗೆ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಒಂದೇ ಹೆಸರು ಎರಡು ಬೇರೆ ಬೇರೆ ಮನೆಗಳಲ್ಲಿ ಬಾಳಿತು. ತಂದೆಯಿಟ್ಟ ಹೆಸರು ಮಗನಿಗೆ ಎಲ್ಲೆಡೆಯೂ ಸಲ್ಲದಾಯಿತು.

ನಮ್ಮ ದೇಶಕ್ಕೆ ಈ ಹೆಸರುಗಳು ಬಂದ ದಾರಿ ಬೇರೆ. ಕಡಿಮೆ ಕೂಲಿಯನ್ನು ಅರಸಿ ಬಂದವರಿಗಿಂತ ಹೆಚ್ಚಾಗಿ, ಸ್ವಾತಂತ್ರ್ಯಾನಂತರ ಆಮದಿನ ಬಾಗಿಲು ಮುಚ್ಚುವುದೆಂಬುದನ್ನು ಅರಿತ ಬ್ರಿಟಿಷ್ ಉದ್ಯಮಿಗಳು ಇಲ್ಲಿಯವರೊಡನೆ ಕೂಡಿ ಇಲ್ಲಿಯೇ ತಯಾರಿಸಲು ಮುಂದಾದರು. ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕಂಪನಿಯು ಮುರುಗಪ್ಪ ಮನೆತನದೊಡಗೂಡಿ 1949ರಲ್ಲಿ ಟಿ.ಐ. ಸೈಕಲ್ಸ್ ಅನ್ನು ಸ್ಥಾಪಿಸಿತು. ಅದರ ಕಾರ್ಖಾನೆ ಮದರಾಸಿನ ಅಂಬತ್ತೂರಿನಲ್ಲಿ ಬೆಳೆಯಿತು. ಬಂಗಾಳದ ಅಸನ್ಸೋಲಿನ ಬಳಿ ಸೇನ್-ರ್‍ಯಾಲಿ ಕಾರ್ಖಾನೆ ಎದ್ದಿತು. ಕನ್ನಡನಾಡಿನ ಊರೂರಿನಲ್ಲಿ ಹಾಲಿನ ಕ್ಯಾನುಗಳನ್ನೂ ಅಂಚೆಯ ಚೀಲಗಳನ್ನೂ ಹೊತ್ತು ತಿರುಗಿದ ಹರ್ಕ್ಯುಲಿಸ್ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಹೆಸರು. ಅಲ್ಲಿಯ ಕಾರ್ಖಾನೆ ಎಂದೋ ನಿಂತುಹೋಗಿದೆ. ಹೆಸರು ಇಂದಿಗೂ ಇಲ್ಲಿ ಜೀವಂತವಾಗಿದೆ. ನಾಟಿಂಗ್‌ಹ್ಯಾಮಿನ ರ್‍ಯಾಲಿ ಕಾರ್ಖಾನೆಯಾದರೋ 1999ರಲ್ಲಿ ಫ್ರೇಮು ಕಟ್ಟುವುದನ್ನು ಬಿಟ್ಟಿತು; ಬಿಡಿಭಾಗಗಳನ್ನು ತರಿಸಿ ಜೋಡಿಸುವ ಕೆಲಸವೂ ಕೆಲವು ವರ್ಷಗಳೊಳಗೆ ಅಲ್ಲಿ ನಿಂತಿತು. ಈ ಎರವಲು ಹೆಸರುಗಳ ನಡುವೆಯೇ ಲೂಧಿಯಾನದ ಮುಂಜಾಲ್ ಸೋದರರು 1956ರಲ್ಲಿ ಹೀರೋ ಎಂಬ ಸ್ವಂತ ಹೆಸರಿನಿಂದ ಸೈಕಲ್ ತಯಾರಿಕೆಗಿಳಿದು, ಮೂವತ್ತು ವರ್ಷಗಳಲ್ಲಿ ಜಗತ್ತಿನ ಅತಿದೊಡ್ಡ ಸೈಕಲ್ ತಯಾರಕರೆನಿಸಿದರು. ಮನೆತನ ಹಿಸ್ಸೆಯಾದ ಮೇಲೆ, ವಿದ್ಯುತ್ ವಾಹನಗಳ ಮೇಲೆ ಆ ಹೆಸರನ್ನು ಬಳಸುವ ಹಕ್ಕು ಯಾವ ಶಾಖೆಯದೆಂಬ ವ್ಯಾಜ್ಯ ದಿಲ್ಲಿಯ ನ್ಯಾಯಾಲಯದ ಮೆಟ್ಟಿಲೇರಿತು.

ಮುದ್ರೆಯ ಒಡೆಯನ ಹಿತವನ್ನು ಕಾಯಲು ಇಷ್ಟೊಂದು ಶಾಸನಗಳೂ ನ್ಯಾಯಪೀಠಗಳೂ ಇರುವಾಗ, ಮುದ್ರೆಯ ಹಿಂದಿನ ಕೈಗಳ ವಿಚಾರ ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದುದು ನನಗೆ ಅತ್ಯಂತ ವ್ಯಥೆಯ ಸಂಗತಿಯಾಗಿ ತೋರುತ್ತದೆ. ಇಂದು ತೈವಾನಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ವಿಯೆಟ್ನಾಂ, ಥಾಯ್ಲೆಂಡ್ ಮುಂತಾದ ದೇಶಗಳಿಂದ ಬಂದ ವಲಸೆಗಾರರು ಬಹಳ. ಕೆಲಸ ಕೊಡಿಸುವ ದಲ್ಲಾಳಿಗೆ ತೆರಬೇಕಾದ ಹಣಕ್ಕಾಗಿ ಊರಿನಲ್ಲಿ ಸಾಲ ಮಾಡಿ ಬರುವ ಇವರು ತಿಂಗಳುಗಟ್ಟಲೆ ಆ ಸಾಲಕ್ಕಾಗಿಯೇ ದುಡಿಯಬೇಕಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸುಂಕ ಇಲಾಖೆಯು ತೈವಾನಿನಲ್ಲಿ ಜೈಂಟ್ ತಯಾರಿಸಿದ ಸೈಕಲ್ಲುಗಳನ್ನೂ ಬಿಡಿಭಾಗಗಳನ್ನೂ ಬಂದರಿನಲ್ಲಿಯೇ ತಡೆಹಿಡಿಯಲು ಆಜ್ಞೆ ಹೊರಡಿಸಿತು. ಸಾಲದ ಕಟ್ಟಿಗೆ ಸಿಲುಕಿಸುವುದು, ಕೂಲಿ ತಡೆಹಿಡಿಯುವುದು, ಮಿತಿಮೀರಿದ ದುಡಿತ ಮುಂತಾದ ಬಲವಂತದ ದುಡಿಮೆಯ ಲಕ್ಷಣಗಳು ಕಂಡುಬಂದಿವೆಯೆಂಬುದು ಅದು ಕೊಟ್ಟ ಕಾರಣ. ಆ ವರ್ಷದ ಆರಂಭದಿಂದಲೇ ಹೊಸದಾಗಿ ಸೇರುವವರ ನೇಮಕಾತಿಯ ಖರ್ಚನ್ನು ತಾನೇ ಭರಿಸುತ್ತಿರುವುದಾಗಿಯೂ, ಆಜ್ಞೆಯನ್ನು ತೆರವುಗೊಳಿಸುವಂತೆ ಕೋರುವುದಾಗಿಯೂ ಕಂಪನಿಯು ಉತ್ತರಿಸಿತು. ಆ ಕಾರ್ಖಾನೆಗಳಿಂದ ಹೊರಡುವ ಗಾಡಿಗಳಲ್ಲಿ ಜೈಂಟಿನ ಹೆಸರು ಹೊತ್ತವೂ ಉಂಟು, ಇತರ ಕಂಪನಿಗಳ ಹೆಸರು ಹೊತ್ತವೂ ಉಂಟು. ಫ್ರೇಮಿನ ಮೇಲಿನ ಚೀಟಿಯಲ್ಲಿ ತಯಾರಾದ ದೇಶದ ಹೆಸರನ್ನು ಅಚ್ಚಿಸಬೇಕೆಂಬ ನಿಯಮ ಅಮೆರಿಕದಲ್ಲಿ 1930ರ ಸುಂಕ ಶಾಸನದಿಂದಲೂ ಇದೆ. ಯಾವ ಕಾರ್ಖಾನೆಯಲ್ಲಿ ತಯಾರಾಯಿತೆಂಬುದನ್ನೂ ಅದೇ ಚೀಟಿಯಲ್ಲಿ ನಮೂದಿಸುವಂತೆ ಮಾಡಿದರೆ ಕೊಳ್ಳುವವನು ಕನಿಷ್ಠಪಕ್ಷ ವಿಚಾರಿಸಿ ನೋಡಬಹುದು.